ಬೆಕ್ಕು ಮಾತ್ರೆ ನುಂಗಿದರೆ ಸಾಲದು, ಅದು ಹೊಟ್ಟೆಗೆ ಇಳಿಯಬೇಕು

ಓದುಗರ ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 3 ವರ್ಷ, ತೂಕ 4 ಕೆ.ಜಿ. ಎರಡು ವಾರದ ಹಿಂದೆ ಅದರ ಒಂದು ಕಣ್ಣು ಕೆಂಪಾಗಿ ಊದಿಕೊಂಡು ನೀರು ಸುರಿಯಲು ಶುರುವಾಯಿತು. ಜೊತೆಗೆ ಸೀನು. ವೈದ್ಯರು ಪರೀಕ್ಷೆ ಮಾಡಿ ಕ್ಲಮೈಡಿಯಾ ಸೋಂಕು ಎಂದರು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ದಿನಕ್ಕೊಂದರಂತೆ 28 ದಿನ ಕೊಡಲು ಹೇಳಿದ್ದಾರೆ. ಮೊದಲ ಎರಡು ದಿನ ಪುಡಿ ಮಾಡಿ ಊಟಕ್ಕೆ ಬೆರೆಸಿದೆ. ಮೂರನೇ ದಿನದಿಂದ ಆ ಊಟವನ್ನು ಮೂಸಿ ನೋಡಿ ಎದ್ದು ಹೋಗುತ್ತಿದೆ. ಆಮೇಲೆ ಬಾಯಿ ತೆರೆಸಿ ಹಾಕತೊಡಗಿದೆವು. ನಮ್ಮ ಮನೆಯವರು ಕತ್ತಿನ ಚರ್ಮ ಹಿಡಿಯುತ್ತಾರೆ, ನಾನು ಮಾತ್ರೆ ಹಾಕುತ್ತೇನೆ. ಅರ್ಧ ಸಲ ಉಗುಳುತ್ತದೆ, ಬಾಯಿ ತುಂಬ ನೊರೆ ಬರುತ್ತದೆ. ಇದು ಅಲರ್ಜಿಯಾ? ಈಗ ಮಾತ್ರೆಯ ಸ್ಟ್ರಿಪ್ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಇವತ್ತಿಗೆ 10 ದಿನವಾಯಿತು, ಕಣ್ಣು ಪೂರ್ತಿ ಚೆನ್ನಾಗಿದೆ. ಇಲ್ಲಿಗೇ ನಿಲ್ಲಿಸಬಹುದಾ? ಮಕ್ಕಳಿಗೆ ಕೊಡುವಂಥ ಸಿಹಿ ಸಿರಪ್ ಏನಾದರೂ ಕೊಡಬಹುದಾ? ನನ್ನ ಹತ್ತಿರ ಮಲಗುತ್ತಿದ್ದ ಬೆಕ್ಕು ಈಗ ನನ್ನನ್ನು ಕಂಡರೆ ಓಡುತ್ತದೆ. ತುಂಬ ನೋವಾಗುತ್ತದೆ.

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಬರೆದಿರುವುದಕ್ಕಿಂತ ಬರೆಯದೇ ಬಿಟ್ಟ ಒಂದು ವಿಷಯ ನನಗೆ ಜಾಸ್ತಿ ಚಿಂತೆ ತಂದಿತು. ಮಾತ್ರೆ ನುಂಗಿದ ಮೇಲೆ, ಅದರ ಹಿಂದೆಯೇ ನೀರು ಕೊಡುತ್ತಿದ್ದೀರಾ? ಇಲ್ಲ ಅಂತಾದರೆ ಇವತ್ತಿನ ಮಾತ್ರೆಯಿಂದಲೇ ಶುರು ಮಾಡಿ. ಹಿಡಿಯುವ ರೀತಿ, ಬಾಯಿ ತೆರೆಸುವ ರೀತಿ ಎಲ್ಲವನ್ನೂ ನಿಧಾನವಾಗಿ ಕಲಿಯಬಹುದು. ಇದೊಂದನ್ನು ಮುಂದೂಡಬೇಡಿ.

ಕಾರಣ ಹೇಳುತ್ತೇನೆ. ನಾವು ಕೂತು ಅಥವಾ ನಿಂತು, ನೀರಿನ ಜೊತೆ ಮಾತ್ರೆ ನುಂಗುತ್ತೇವೆ. ಬೆಕ್ಕಿನ ಅನ್ನನಾಳ ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತದೆ. ಒಣ ಮಾತ್ರೆ ಅದರಲ್ಲಿ ಜಾರುವುದಿಲ್ಲ. ಗಂಟಲು ದಾಟಿ ಎದೆಗೂಡಿನ ಬಾಯಿಯ ಹತ್ತಿರ ಹೋಗಿ ನಿಂತುಬಿಡುತ್ತದೆ. ಬೆಕ್ಕುಗಳಿಗೆ ಒಣ ಮಾತ್ರೆ ನುಂಗಿಸಿ ಎಕ್ಸ್‌ರೇಯಲ್ಲಿ ಅದರ ಜಾಡು ಹಿಡಿದು ನೋಡಿದ್ದಾರೆ. ಅರ್ಧಕ್ಕಿಂತ ಹೆಚ್ಚು ಸಲ, 5 ನಿಮಿಷ ಕಳೆದರೂ ಮಾತ್ರೆ ಹೊಟ್ಟೆ ತಲುಪಿರಲಿಲ್ಲ. ಹಿಂದೆಯೇ 6 ಎಂಎಲ್ ನೀರು ಕೊಟ್ಟಾಗ ಒಂದೆರಡು ನಿಮಿಷದೊಳಗೆ ಇಳಿದುಹೋಯಿತು. ನಿಮ್ಮ ಕಣ್ಣಿಗೆ ಬೆಕ್ಕು ನುಂಗಿದಂತೆಯೇ ಕಾಣುತ್ತದೆ. ಮೂತಿ ನೆಕ್ಕಿಕೊಂಡು ಹೊರಟೂ ಹೋಗುತ್ತದೆ. ಮಾತ್ರೆ ಮಾತ್ರ ದಾರಿಯಲ್ಲೇ ಕೂತಿರುತ್ತದೆ.

ಬೇರೆ ಮಾತ್ರೆಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಡಾಕ್ಸಿಸೈಕ್ಲಿನ್ ಕರಗುವಾಗ ಆಮ್ಲದಂತೆ ಸುಡುತ್ತದೆ. ಅದರಲ್ಲೂ ಹೈಕ್ಲೇಟ್ ಎಂಬ ರೂಪದ್ದು. ಒಂದೇ ಜಾಗದಲ್ಲಿ ನಿಂತು ಕರಗಿದರೆ ಅಲ್ಲಿ ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಆ ಜಾಗ ಗಟ್ಟಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಅನ್ನನಾಳ ಕಿರಿದಾಗುತ್ತದೆ. ಇಂಥ ಬೆಕ್ಕುಗಳನ್ನು ನಾನು ನೋಡಿದ್ದೇನೆ. ಹಸಿವಿನಿಂದ ತಟ್ಟೆಯ ಹತ್ತಿರ ಓಡಿ ಬರುತ್ತವೆ. ಎರಡು ತುತ್ತು ತಿಂದು ಕತ್ತು ಮುಂದೆ ಚಾಚುತ್ತವೆ. ತಿಂದದ್ದು ಜೀರ್ಣವಾಗದೆ, ಕೊಳವೆಯ ಆಕಾರದಲ್ಲಿ ಹಾಗೇ ಆಚೆ ಬರುತ್ತದೆ. ಅಂಥ ಬೆಕ್ಕಿಗೆ ಅರಿವಳಿಕೆ ಕೊಟ್ಟು, ಅನ್ನನಾಳದೊಳಗೆ ಬಲೂನು ಇಳಿಸಿ ಹಿಗ್ಗಿಸಬೇಕಾಗುತ್ತದೆ. ಅದೂ ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಒಂದು ಗುಟುಕು ನೀರಿನಿಂದ ತಪ್ಪಿಸಬಹುದಾಗಿದ್ದ ಕಷ್ಟ ಅದು. ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್‌ಗೂ ಇದೇ ಗುಣವಿದೆ. ಆದರೆ ನನ್ನನ್ನು ಕೇಳಿದರೆ, ಬೆಕ್ಕಿಗೆ ಕೊಡುವ ಯಾವ ಮಾತ್ರೆಯ ಹಿಂದೆಯೂ ನೀರೋ ಊಟವೋ ಹೋಗಲೇಬೇಕು.

ಗಾಬರಿಯಾಗಬೇಡಿ. ಇಷ್ಟು ದಿನ ನೀರಿಲ್ಲದೆ ಕೊಟ್ಟಿದ್ದರೂ ನಿಮ್ಮ ಬೆಕ್ಕು ತಿಂದದ್ದನ್ನು ಉಳಿಸಿಕೊಳ್ಳುತ್ತಿದ್ದರೆ, ನುಂಗುವಾಗ ಕತ್ತು ಚಾಚದಿದ್ದರೆ, ಸದ್ಯಕ್ಕೆ ತೊಂದರೆಯ ಲಕ್ಷಣ ಇಲ್ಲ. ಮುಂದಿನ ಎರಡು ಮೂರು ವಾರ ಇದನ್ನು ಗಮನಿಸುತ್ತಿರಿ. ಕಿರಿದಾಗುವಿಕೆ ತಡವಾಗಿಯೂ ಕಾಣಿಸಿಕೊಳ್ಳುತ್ತದೆ.

ಈಗ ನೊರೆಯ ವಿಷಯ. ಅದನ್ನು ನೋಡಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ವಿಷ ಏರಿದ ಹಾಗೆ ಕಾಣುತ್ತದೆ. ಆದರೆ ಮಾತ್ರೆ ಬಾಯಲ್ಲಿ ಇದ್ದಾಗಲೇ ಶುರುವಾಗಿ ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲುವ ನೊರೆ ಸಾಮಾನ್ಯವಾಗಿ ಬರೀ ಕಹಿಯ ಪ್ರತಿಕ್ರಿಯೆ. ಕಹಿ ತಾಗಿದರೆ ಬೆಕ್ಕು ಜೊಲ್ಲು ಸುರಿಸಿ ಬಾಯಿ ತೊಳೆದುಕೊಳ್ಳುತ್ತದೆ. ತಲೆ ಕೊಡವಿದಾಗ ಆ ಜೊಲ್ಲೇ ನೊರೆಯಾಗುತ್ತದೆ. ಅಲರ್ಜಿಯ ಚಹರೆ ಬೇರೆ. ಮುಖ ಊದುವುದು, ಮೈ ತುರಿಕೆ, ಉಸಿರಾಟಕ್ಕೆ ಕಷ್ಟ, ಮತ್ತೆ ಮತ್ತೆ ವಾಂತಿ, ಇವು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಹಾಗೆಯೇ ಮಾತ್ರೆ ಕೊಟ್ಟು ಎಷ್ಟೋ ಹೊತ್ತಾದ ಮೇಲೂ ಜೊಲ್ಲು ಸುರಿಯುತ್ತಲೇ ಇದ್ದರೆ ಅನ್ನನಾಳ ನೋಯುತ್ತಿರಬಹುದು. ಅದನ್ನೂ ವೈದ್ಯರಿಗೆ ತೋರಿಸಿ.

ಸಿಹಿ ಸಿರಪ್ ಕೊಡಬಹುದಾ ಅಂದಿರಿ. ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿಯನ್ನು ಗುರುತಿಸುವ ಒಂದು ಜೀನು ಇಡೀ ಬೆಕ್ಕಿನ ಕುಲದಲ್ಲೇ ಕೆಟ್ಟುಹೋಗಿದೆ. ವಿಜ್ಞಾನಿಗಳು ಇದನ್ನು 2005ರಲ್ಲಿ ತೋರಿಸಿದರು. ಹುಲಿಗೂ ಅಷ್ಟೇ, ಚಿರತೆಗೂ ಅಷ್ಟೇ. ಕಹಿಯ ಗ್ರಾಹಕಗಳು ಮಾತ್ರ ಗಟ್ಟಿಮುಟ್ಟಾಗಿವೆ. ಹಾಗಾಗಿ ಸಕ್ಕರೆ, ಜೇನುತುಪ್ಪದಲ್ಲಿ ಅದ್ದಿ ಕೊಟ್ಟರೆ ನಮ್ಮ ಮನಸ್ಸಿಗೆ ಸಮಾಧಾನ, ಅದರ ನಾಲಿಗೆಗೆ ಏನೂ ವ್ಯತ್ಯಾಸವಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮನುಷ್ಯರ ಮನೆಮದ್ದಿನ ಡಬ್ಬಿಯಿಂದ ಏನನ್ನೂ ಬೆಕ್ಕಿಗೆ ಕೊಡಬೇಡಿ. ಪ್ಯಾರಾಸಿಟಮಾಲ್‌ನಂಥ ಔಷಧಿಯನ್ನು ನಿರಪಾಯ ಮಾಡಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತದೆ. ಮಕ್ಕಳ ಜ್ವರದ ಸಿರಪ್‌ನಲ್ಲಿ ಇರುವುದು ಬಹುತೇಕ ಇದೇ. "ಪುಟ್ಟ ಮಗುವಿಗೇ ಕೊಡ್ತೀವಲ್ಲ, ಬೆಕ್ಕಿಗೆ ಏನಾಗುತ್ತೆ" ಅಂತ ಒಳ್ಳೆಯ ಮನಸ್ಸಿನಿಂದ ಕೊಟ್ಟು, ಆಮೇಲೆ ಬೆಕ್ಕನ್ನು ಎತ್ತಿಕೊಂಡು ಓಡಿ ಬಂದವರ ಮುಖ ನನಗೆ ಇನ್ನೂ ನೆನಪಿದೆ. ಹೇಗೋ ಹೊಟ್ಟೆ ಸೇರಿಬಿಟ್ಟಿದ್ದರೆ ಲಕ್ಷಣಕ್ಕೆ ಕಾಯಬೇಡಿ. ಇದಕ್ಕೆ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಬದುಕುವ ಅವಕಾಶ ಜಾಸ್ತಿ.

ಕಣ್ಣು ವಾಸಿಯಾಗಿದೆ, ನಿಲ್ಲಿಸಬಹುದಾ? ಬೇಡ. ಈ ಸೋಂಕಿಗೆ ಔಷಧಿ ಶುರುವಾದ ಕೆಲವೇ ದಿನದಲ್ಲಿ ಕಣ್ಣು ತಿಳಿಯಾಗುತ್ತದೆ. ಆದರೆ ಕ್ಲಮೈಡಿಯಾ ಜೀವಕೋಶದ ಒಳಗೆ ಹೊಕ್ಕು ಕೂರುವ ಸೂಕ್ಷ್ಮಾಣು. ಮೂರು ವಾರಕ್ಕೇ ನಿಲ್ಲಿಸಿದ ಕೆಲವು ಬೆಕ್ಕುಗಳಲ್ಲಿ ಅದು ಮತ್ತೆ ಪತ್ತೆಯಾಗಿದೆ. 28 ದಿನ ಅಂತ ನಿಮ್ಮ ವೈದ್ಯರು ಹೇಳಿರುವುದು ಅದಕ್ಕೇ. ಈಗ ಬಿಟ್ಟರೆ ಇನ್ನೊಂದು ತಿಂಗಳಿಗೆ ಇದೇ ಕಷ್ಟವನ್ನು ಮೊದಲಿನಿಂದ ಶುರು ಮಾಡಬೇಕಾಗಬಹುದು. ಉಳಿದಿರುವುದು 18 ದಿನ. ಅದನ್ನು ಹಗುರ ಮಾಡಿಕೊಳ್ಳುವ ದಾರಿ ನೋಡೋಣ.

ಮೊದಲು, ಊಟದಲ್ಲಿ ಪುಡಿ ಬೆರೆಸುವುದನ್ನು ಪೂರ್ತಿ ನಿಲ್ಲಿಸಿ. ತೆನಾಲಿ ರಾಮಕೃಷ್ಣನ ಬೆಕ್ಕು ನಿಮಗೆ ನೆನಪಿರಬೇಕು. ಒಂದೇ ಒಂದು ಸಲ ಸುಡುವ ಹಾಲು ಕುಡಿದು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಅದು ಬರೀ ಕಥೆಯಲ್ಲ, ಬೆಕ್ಕಿನ ತಲೆ ನಿಜವಾಗಿಯೂ ಹಾಗೇ ಕೆಲಸ ಮಾಡುತ್ತದೆ. ಒಮ್ಮೆ ಕಹಿಯಾದ ಊಟವನ್ನು ಅದು ವಾಸನೆಯಿಂದಲೇ ಗುರುತಿಟ್ಟುಕೊಳ್ಳುತ್ತದೆ, ಔಷಧಿ ಇಲ್ಲದಾಗಲೂ ಮುಟ್ಟುವುದಿಲ್ಲ. ನೀವು ಬರೆದಿರುವುದು ಇದನ್ನೇ. ಬೆಕ್ಕು ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿ ತುಂಬಿಕೊಳ್ಳಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಜಾಸ್ತಿ. ಅದು ಕಣ್ಣಿನ ಸೋಂಕಿಗಿಂತ ಎಷ್ಟೋ ಪಾಲು ದೊಡ್ಡ ಕಾಯಿಲೆ. ಆದ್ದರಿಂದ ಅದರ ತಟ್ಟೆಯ ಊಟ ನಂಬಿಕೆಯ ಜಾಗವಾಗಿಯೇ ಇರಲಿ. ಬೇರೆ ತಟ್ಟೆ, ಬೇರೆ ರುಚಿಯ ಊಟ, ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟು ನೋಡಿ. ಅರ್ಧ ತಿಂದು ಬಿಟ್ಟಾಗ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಅನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?

ಎರಡನೆಯದು, ಕತ್ತಿನ ಚರ್ಮ. ತಾಯಿ ಬೆಕ್ಕು ಹಾಗೇ ಹಿಡಿಯುತ್ತದಲ್ಲ ಅನ್ನುತ್ತಾರೆ. ನಿಜ, ಮರಿಗೆ ಕೆಲವೇ ವಾರ ಆಗಿರುವಾಗ, ಎತ್ತಿಕೊಂಡು ಹೋಗಲು ಮಾತ್ರ. ಬೆಳೆದ ಬೆಕ್ಕಿನ ಕತ್ತನ್ನು ಹಾಗೆ ಹಿಡಿಯುವುದು ಶತ್ರು, ಇಲ್ಲವೇ ಕೂಡಲು ಬಂದ ಗಂಡು. ಹಿಡಿದಾಗ ಅದು ಅಲ್ಲಾಡದೆ ಇರುವುದನ್ನು ನಾವು ಶಾಂತಿ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಹೆದರಿ ಮರಗಟ್ಟಿರುವುದು. ನಾನು ಓದುವಾಗ ನಮಗೂ ಹೀಗೇ ಹಿಡಿಯಲು ಕಲಿಸಿದ್ದರು, ನಾನೂ ಎಷ್ಟೋ ಬೆಕ್ಕನ್ನು ಹಾಗೆ ಹಿಡಿದಿದ್ದೇನೆ. ಈಗ ಹಿಡಿಯುವುದಿಲ್ಲ. ಬೆಕ್ಕು ವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಈ ಹಿಡಿತ ಬೇಡ ಅನ್ನುತ್ತದೆ. ನಿಮ್ಮ ಬೆಕ್ಕಿನ ಭಯದಲ್ಲಿ ಅರ್ಧ ಪಾಲು ಮಾತ್ರೆಯದ್ದಾದರೆ, ಇನ್ನರ್ಧ ಈ ಹಿಡಿತದ್ದು ಎಂದು ನನ್ನ ಅಂದಾಜು.

ಹಾಗಾದರೆ ಕೈಯಿಂದ ಕೊಡುವುದು ಹೇಗೆ? ಬೆಕ್ಕು ಹತ್ತಿರ ಇಲ್ಲದಾಗ, ಬೇರೆ ಕೋಣೆಯಲ್ಲಿ ಎಲ್ಲ ಸಿದ್ಧ ಮಾಡಿಕೊಳ್ಳಿ. ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿ, ಚಿಟಿಕೆ ಬೆಣ್ಣೆ ಸವರಿ ಇಡಿ. ಬೆಣ್ಣೆ ಕಹಿಯನ್ನೂ ಮುಚ್ಚುತ್ತದೆ, ಜಾರಿಸಲೂ ಸಹಾಯ. ಸೂಜಿ ಇಲ್ಲದ ಸಿರಿಂಜಿನಲ್ಲಿ 6 ಎಂಎಲ್ ಉಗುರುಬೆಚ್ಚಗಿನ ನೀರು ತುಂಬಿಡಿ. ಬೆಕ್ಕಿಗೆ ಬಹಳ ಇಷ್ಟವಾದ ತಿನಿಸು ಪಕ್ಕದಲ್ಲೇ ಇರಲಿ. ಮೇಜೋ ನೆಲವೋ, ಕಾಲು ಜಾರದ ಹಾಗೆ ಒಂದು ಟವೆಲ್ ಹಾಸಿ. ಕಾಲ ಕೆಳಗೆ ಜಾರುತ್ತಿದ್ದರೆ ಬೆಕ್ಕು ಅರ್ಧ ಹೆದರಿಕೆಯನ್ನು ಅಲ್ಲಿಯೇ ಶುರು ಮಾಡುತ್ತದೆ.

ಮಂಚದ ಕೆಳಗಿನಿಂದ ಎಳೆದು ತರಬೇಡಿ. ಅದರ ಅಡಗುತಾಣವನ್ನೂ ಕಸಿದುಕೊಂಡ ಹಾಗಾಗುತ್ತದೆ. ದಿನಕ್ಕೊಮ್ಮೆ ಕೊಡುವ ಔಷಧಿ ಒಂದು ಗಂಟೆ ಹಿಂದೆ ಮುಂದೆ ಆದರೆ ತೊಂದರೆಯಿಲ್ಲ. ಊಟದ ಹೊತ್ತಿಗೆ ತಾನೇ ಬರುವವರೆಗೆ ಕಾಯಿರಿ. ಬಂದ ಮೇಲೆ ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ, ಮುಖ ಆಚೆ ಕಡೆಗೆ ಇರುವಂತೆ ಕೂರಿಸಿಕೊಳ್ಳಿ. ಬೆಕ್ಕು ಹಿಂದಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ. ಹಿಂದೆ ನೀವೇ ಇದ್ದರೆ ಸರಿಯಲು ಜಾಗವಿಲ್ಲ, ಬಲ ಹಾಕಿ ಹಿಡಿಯುವ ಅಗತ್ಯವೂ ಇಲ್ಲ. ಎದುರಿನಿಂದ ಮುಖದ ಮೇಲೆ ಬಗ್ಗಬೇಡಿ. ಪಂಜ ಬೀಸುವ ಬೆಕ್ಕಾದರೆ ಟವೆಲನ್ನು ಕತ್ತಿನ ಸುತ್ತ ಶಾಲಿನಂತೆ ಹೊದಿಸಿ ಮುಂಗಾಲು ಒಳಗೆ ಇರುವಂತೆ ಸುತ್ತಿ. ಬಿಗಿ ಬೇಡ, ಒಂದು ಬೆರಳು ತೂರುವಷ್ಟು ಸಡಿಲ ಇರಲಿ.

ಬಲಗೈಯವರಾದರೆ ಎಡಗೈಯನ್ನು ತಲೆಯ ಮೇಲಿನಿಂದ ತಂದು, ಹೆಬ್ಬೆರಳು ಒಂದು ಕೆನ್ನೆಮೂಳೆಗೆ, ಮಧ್ಯದ ಬೆರಳು ಇನ್ನೊಂದು ಕೆನ್ನೆಮೂಳೆಗೆ ಬರುವಂತೆ ಹಿಡಿಯಿರಿ. ಮೀಸೆ ಅದುಮಬೇಡಿ. ಮೂಗು ಚಾವಣಿಯ ಕಡೆ ತಿರುಗುವಷ್ಟು ಮೆಲ್ಲಗೆ ತಲೆ ಎತ್ತಿ. ಹೀಗೆ ಮಾಡಿದಾಗ ಕೆಳದವಡೆ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾತ್ರೆ ಇರಲಿ. ಮಧ್ಯದ ಬೆರಳನ್ನು ಕೆಳಗಿನ ಪುಟ್ಟ ಮುಂಹಲ್ಲುಗಳ ಮೇಲಿಟ್ಟು ದವಡೆ ಕೆಳಗಿಳಿಸಿ. ಕೋರೆಹಲ್ಲಿನ ಮೇಲೆ ಬೆರಳಿಡಬೇಡಿ. ಮಾತ್ರೆಯನ್ನು ನಾಲಿಗೆಯ ನಟ್ಟನಡುವೆ, ಆದಷ್ಟು ಹಿಂದಕ್ಕೆ, ನಾಲಿಗೆ ದಿಬ್ಬದಂತೆ ಉಬ್ಬಿರುವ ಜಾಗದ ಆಚೆಗೆ ಬೀಳಿಸಿ. ಉಗುಳುವ ಬೆಕ್ಕುಗಳಲ್ಲಿ ಹೆಚ್ಚಿನವು ಉಗುಳುವುದು ಮಾತ್ರೆ ನಾಲಿಗೆಯ ಮುಂಭಾಗಕ್ಕೋ ಪಕ್ಕಕ್ಕೋ ಬಿದ್ದದ್ದರಿಂದ. ಬಾಯಿ ಮುಚ್ಚಿಸಿ, ತಲೆಯನ್ನು ಮತ್ತೆ ಸಮಕ್ಕೆ ತನ್ನಿ. ಬಾಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರಬೇಡಿ, ನುಂಗಲು ನಾಲಿಗೆ ಆಡಬೇಕು. ಗಂಟಲನ್ನು ಮೆತ್ತಗೆ ಸವರಿ. ಮೂಗು ನೆಕ್ಕಿಕೊಂಡರೆ ನುಂಗಿದೆ ಎಂದರ್ಥ.

ನೀರು ಕೊಡುವಾಗ ಒಂದು ಎಚ್ಚರ. ಮಾತ್ರೆಗೆ ಮೂಗು ಮೇಲೆ, ನೀರಿಗೆ ತಲೆ ಸಮ. ತಲೆ ಎತ್ತಿ ಹಿಡಿದು ನೀರು ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು, ಅದರಿಂದ ನ್ಯುಮೋನಿಯಾ ಬರುತ್ತದೆ. ಕೋರೆಹಲ್ಲಿನ ಹಿಂದೆ ಹಲ್ಲಿಲ್ಲದ ಸಣ್ಣ ಸಂದು ಇದೆ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ಇಟ್ಟು ಅರ್ಧ ಎಂಎಲ್, ಒಂದು ಎಂಎಲ್ ಹೀಗೆ ಬಿಡಿ. ನುಂಗಲಿ, ಆಮೇಲೆ ಮುಂದಿನದು. ಕೆಮ್ಮಿದರೆ ನಿಲ್ಲಿಸಿ. ನೀರಿಗೆ ತುಂಬ ಹಠ ಮಾಡುವ ಬೆಕ್ಕಾದರೆ ಕೂಡಲೇ ನೆಕ್ಕಿ ತಿನ್ನುವಂಥ ತೆಳ್ಳಗಿನ ಊಟ ಕೊಟ್ಟರೂ ಆಗುತ್ತದೆ. ಡಾಕ್ಸಿಸೈಕ್ಲಿನ್ ಊಟದ ಜೊತೆ ಹೋದರೆ ಹೊಟ್ಟೆ ತೊಳಸುವುದೂ ಕಡಿಮೆ. ಆದರೆ ಹಾಲು, ಮೊಸರು, ಚೀಸ್ ಬೇಡ. ಅವುಗಳ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ. ಬೆಣ್ಣೆಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಚಿಟಿಕೆಯಷ್ಟು ಪರವಾಗಿಲ್ಲ. ಬೇಯಿಸಿದ ಮಾಂಸದ ಸಾರು ಕೊಡುವುದಾದರೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬಾರದು. ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಮಾತ್ರೆ ಬಾಯಿಗೆ ಹಾಕುವುದು ಅರ್ಧ ನಿಮಿಷದ ಕೆಲಸ. ಎರಡು ಸಲ ಪ್ರಯತ್ನಿಸಿಯೂ ಆಗದಿದ್ದರೆ ಬಿಟ್ಟುಬಿಡಿ. ಕಿವಿ ಹಿಂದಕ್ಕೆ ಮಡಚಿ, ಕಣ್ಣಿನ ಪಾಪೆ ದೊಡ್ಡದಾಗಿ, ಬಾಲ ಬಡಿಯುತ್ತಿದ್ದರೆ ಅದಕ್ಕೂ ಮೊದಲೇ ಬಿಡಿ. ಅರ್ಧ ಗಂಟೆ ಕಳೆಯಲಿ. ಜೊಲ್ಲಿನಲ್ಲಿ ನೆನೆದ ಮಾತ್ರೆ ಮೊದಲಿಗಿಂತ ಹತ್ತು ಪಾಲು ಕಹಿ, ಅದನ್ನೇ ಮತ್ತೆ ಮತ್ತೆ ಬಾಯಿಗೆ ತುರುಕಿದರೆ ಜಗಳ ಬೆಳೆಯುತ್ತದೆ. ಸುಮಾರು ಕರಗಿಹೋಗಿದ್ದರೆ ಪೂರ್ತಿ ಇನ್ನೊಂದು ಮಾತ್ರೆ ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ. ಕೊಟ್ಟ ಕೂಡಲೇ ವಾಂತಿಯಾಗಿ ಅದರಲ್ಲಿ ಮಾತ್ರೆ ಕಂಡರೂ ಕೇಳಿಯೇ ಮುಂದುವರಿಯಿರಿ.

ಕಚ್ಚಿದರೆ ಸುಮ್ನೆ ಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ಮೇಲೆ ಚುಕ್ಕೆಯಷ್ಟು ಗಾಯ, ಒಳಗೆ ಆಳ. ಬೆಕ್ಕು ಕಚ್ಚಿದ ಗಾಯಗಳಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕೀವಾಗುತ್ತವೆ ಎಂಬುದು ವೈದ್ಯರ ಲೆಕ್ಕ. ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ನಿಮ್ಮ ವೈದ್ಯರಿಗೆ ತೋರಿಸಿ, ಬೆಕ್ಕಿಗೆ ರೇಬೀಸ್ ಲಸಿಕೆ ಆಗಿದೆಯೇ ಎಂಬುದನ್ನೂ ಹೇಳಿ.

ಕೈಯಿಂದ ಹಾಕುವುದು ಬೇಡವೇ ಬೇಡ ಅನ್ನಿಸಿದರೆ ಬೇರೆ ದಾರಿಗಳಿವೆ. ನನಗೆ ಇಷ್ಟವಾದದ್ದು ಮೂರು ತುಣುಕಿನ ಉಪಾಯ. ಮೆತ್ತನೆಯ ತಿನಿಸಿನ ಮೂರು ಪುಟ್ಟ ಉಂಡೆ ಮಾಡಿ. ಮೊದಲನೆಯದು ಖಾಲಿ. ಎರಡನೆಯದರ ಒಳಗೆ ಮಾತ್ರೆ. ಮೂರನೆಯದು ಖಾಲಿ, ಎರಡನೆಯದನ್ನು ತಿನ್ನುವಾಗಲೇ ಮೂಗಿನ ಮುಂದೆ ಹಿಡಿಯಿರಿ. ಮುಂದಿನದರ ಆಸೆಗೆ ಬೆಕ್ಕು ಜಗಿಯದೆ ನುಂಗುತ್ತದೆ. ಮಾತ್ರೆ ಮುಟ್ಟಿದ ಬೆರಳಿನಿಂದ ಉಂಡೆ ಸುತ್ತಬೇಡಿ, ಹೊರಗೆ ಹತ್ತಿದ ಕಹಿ ಪುಡಿಯೇ ನಮ್ಮನ್ನು ಹಿಡಿದುಕೊಡುತ್ತದೆ. ಹಸಿದಾಗ ಮಾಡಬೇಕು. ನಿಮ್ಮ ಬೆಕ್ಕಿಗೆ ಈಗಾಗಲೇ ಅನುಮಾನ ಬಂದಿರುವುದರಿಂದ ಮೊದಲ ಎರಡು ದಿನ ಮೂರೂ ಖಾಲಿ ಉಂಡೆಗಳನ್ನೇ ಕೊಟ್ಟು ನಂಬಿಕೆ ಗಳಿಸಿ. ಆ ಎರಡು ದಿನದ ಮಾತ್ರೆ ಕೈಯಿಂದಲೇ, ಬೇರೆ ಹೊತ್ತಿಗೆ.

ದ್ರವ ರೂಪದ ಡಾಕ್ಸಿಸೈಕ್ಲಿನ್ ಸಿಗುತ್ತದೆಯಾ ಎಂದು ನಿಮ್ಮ ವೈದ್ಯರನ್ನು ಕೇಳಿ. ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯ ಅದರಲ್ಲಿ ಬಹಳ ಕಡಿಮೆ. ಆದರೆ ಕಹಿ ಬಾಯಿ ತುಂಬ ಹರಡುವುದರಿಂದ ನೊರೆ ಜಾಸ್ತಿಯಾಗಬಹುದು. ಔಷಧಾಲಯದವರು ಮಾತ್ರೆಯಿಂದ ಕಲಸಿ ಮಾಡಿಕೊಟ್ಟ ದ್ರವವಾದರೆ ಒಂದು ವಾರದ ಮೇಲೆ ಅದರ ಶಕ್ತಿ ಇಳಿದುಬಿಡುತ್ತದೆ, 18 ದಿನಕ್ಕಾಗುವಷ್ಟು ಒಮ್ಮೆಗೇ ಮಾಡಿಸಿಡಬೇಡಿ. ಕಹಿ ಮುಚ್ಚಲು ಖಾಲಿ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಹಾಕಿ ಕೊಡುವವರಿದ್ದಾರೆ. ಬೇರೆ ಔಷಧಿಗೆ ಅದು ಒಳ್ಳೆಯದೇ. ಜೆಲಟಿನ್ ಒದ್ದೆಯಾದ ಕೂಡಲೇ ಅಂಟುತ್ತದೆ, ಒಳಗೆ ಸುಡುವ ಔಷಧಿ ಇದೆ. ಹಾಗಾಗಿ ನಿಮ್ಮ ವಿಷಯದಲ್ಲಿ ನನಗೆ ಅಷ್ಟು ಒಪ್ಪಿಗೆಯಿಲ್ಲ. ಮಾತ್ರೆ ಹಾಕುವ ಪ್ಲಾಸ್ಟಿಕ್ ಕಡ್ಡಿ ಬೆರಳನ್ನು ಉಳಿಸುತ್ತದೆ. ತುದಿ ಮೆತ್ತಗಿರುವುದನ್ನೇ ಕೊಳ್ಳಿ, ಗಂಟಲಿಗೆ ಚುಚ್ಚಬೇಡಿ.

ಕಿವಿಗೆ ಹಚ್ಚುವ ಜೆಲ್ ಬಗ್ಗೆ ನೀವು ಕೇಳಿರಬಹುದು. ಥೈರಾಯ್ಡ್ ಜಾಸ್ತಿಯಾದ ಬೆಕ್ಕುಗಳಿಗೆ ಕೊಡುವ ಮೆಥಿಮಜೋಲ್, ಹಸಿವು ಹೆಚ್ಚಿಸುವ ಮಿರ್ಟಜಪೀನ್ ಹೀಗೆ ಕೆಲಸ ಮಾಡುತ್ತವೆ. ಎಲ್ಲ ಔಷಧಿಯೂ ಚರ್ಮ ದಾಟುವುದಿಲ್ಲ. ಆ್ಯಂಟಿಬಯಾಟಿಕ್‌ಗೆ ಇದನ್ನು ನಂಬಬಾರದು. 14 ದಿನ ಕೆಲಸ ಮಾಡುವ ಸೆಫೊವೆಸಿನ್ ಎಂಬ ಚುಚ್ಚುಮದ್ದೂ ಇದೆ. ಚರ್ಮದ ಸೋಂಕಿಗೆ, ಕಚ್ಚಿದ ಗಾಯಕ್ಕೆ ಅದು ವರದಾನ. ನಿಮ್ಮ ಬೆಕ್ಕಿನ ಈ ಸೋಂಕಿಗೆ ಡಾಕ್ಸಿಸೈಕ್ಲಿನ್‌ನಷ್ಟು ನಂಬಿಕೆಯದಲ್ಲ. ಯಾವ ದಾರಿಯೂ ನಡೆಯದಿದ್ದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬದಲಾಯಿಸಬಹುದಾ ಎಂದು ಕೇಳಿ. ಅದು ಎರಡನೇ ಆಯ್ಕೆ. ಸೋಂಕು ಮರುಕಳಿಸುವ ಸಾಧ್ಯತೆ ಸ್ವಲ್ಪ ಹೆಚ್ಚು, ದಿನಕ್ಕೆ ಎರಡು ಸಲ ಕೊಡಬೇಕು. "ನಮ್ಮಿಂದ ಆಗ್ತಾ ಇಲ್ಲ" ಎಂದು ವೈದ್ಯರ ಹತ್ತಿರ ಹೇಳಲು ಸಂಕೋಚ ಬೇಡ. ಜನ ಹೇಳದೇ ಸುಮ್ಮನಾಗುತ್ತಾರೆ, ನಾವು ಔಷಧಿ ಹೋಗುತ್ತಿದೆ ಎಂದುಕೊಳ್ಳುತ್ತೇವೆ. ಅದರಿಂದ ಬೆಕ್ಕಿಗೇ ನಷ್ಟ.

ಕೊನೆಯದಾಗಿ ನಿಮ್ಮ ನೋವಿನ ಮಾತು. ಬೆಕ್ಕು ನಿಮ್ಮನ್ನು ದ್ವೇಷಿಸುತ್ತಿಲ್ಲ. ಸ್ಟ್ರಿಪ್ ಸದ್ದು, ಆಮೇಲೆ ನಿಮ್ಮ ಕೈ, ಆಮೇಲೆ ಕಹಿ. ಈ ಸಾಲನ್ನು ಅದು ಕಲಿತಿದೆ. ಕಲಿತದ್ದನ್ನು ಬದಲಾಯಿಸಬಹುದು. ದಿನಕ್ಕೆ ನಾಲ್ಕೈದು ಸಲ, ಮಾತ್ರೆ ಕೊಡುವ ಹೊತ್ತಲ್ಲದಾಗ, ಖಾಲಿ ಸ್ಟ್ರಿಪ್ ಸದ್ದು ಮಾಡಿ ಇಷ್ಟದ ತಿನಿಸು ಹಾಕಿ ಹೊರಟುಹೋಗಿ. ಇನ್ನೊಮ್ಮೆ ಗಲ್ಲ ಮುಟ್ಟಿ ತಿನಿಸು. ಮತ್ತೊಮ್ಮೆ ತಲೆಯ ಮೇಲೆ ಕೈಯಿಟ್ಟು ಒಂದು ಕ್ಷಣ, ತಿನಿಸು. ಖಾಲಿ ಸಿರಿಂಜಿನ ತುದಿಗೆ ನೆಕ್ಕುವ ಊಟ ಹಚ್ಚಿ ನೆಕ್ಕಿಸಿ. ಮಾತ್ರೆ ಮತ್ತು ನೀರು ಆದ ತಕ್ಷಣ, ಕೆಲವೇ ಸೆಕೆಂಡಿನಲ್ಲಿ, ಅದರ ಬಹಳ ಪ್ರೀತಿಯ ತಿನಿಸು ಸಿಗಲಿ. ಆ ತಿನಿಸು ಬೇರೆ ಯಾವಾಗಲೂ ಸಿಗಬಾರದು. ಅದು ಮಲಗುವ ಜಾಗದಲ್ಲಿ, ನಿಮ್ಮ ಮಡಿಲಲ್ಲಿ ಮಾತ್ರೆ ಕೊಡಬೇಡಿ. ಮಡಿಲು ಮಡಿಲಾಗಿಯೇ ಉಳಿಯಲಿ. ಇಷ್ಟು ಮಾಡಿದ ಮನೆಗಳಲ್ಲಿ ಬಹಳಷ್ಟು ಬೆಕ್ಕುಗಳು ಔಷಧಿ ಮುಗಿಯುವ ಮೊದಲೇ ಮತ್ತೆ ಹತ್ತಿರ ಬಂದು ಮಲಗುವುದನ್ನು ಕೇಳಿದ್ದೇನೆ.

ಇನ್ನೊಂದು ಪ್ರಶ್ನೆ ನನ್ನದೇ. ಮನೆಯಲ್ಲಿ ಬೇರೆ ಬೆಕ್ಕು ಇದೆಯೇ? ಇದ್ದರೆ ಅದಕ್ಕೆ ಲಕ್ಷಣ ಇಲ್ಲದಿದ್ದರೂ ಈ ಸೋಂಕು ಇರಬಹುದು. ಎಲ್ಲಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಮತ್ತೆ ಹತ್ತುತ್ತಲೇ ಇರುತ್ತದೆ. ಅಪರೂಪಕ್ಕೆ ಇದು ಮನುಷ್ಯರ ಕಣ್ಣಿಗೂ ಬಂದದ್ದಿದೆ, ಹಾಗಾಗಿ ಬೆಕ್ಕಿನ ಕಣ್ಣು ಒರೆಸಿದ ಮೇಲೆ ಕೈ ತೊಳೆದುಕೊಳ್ಳಿ. ನಾಳೆ ನಿಮ್ಮ ವೈದ್ಯರಿಗೆ ಫೋನ್ ಮಾಡುವಾಗ ದ್ರವ ಔಷಧಿಯ ಜೊತೆಗೆ ಇದನ್ನೂ ಕೇಳಿಬಿಡಿ.